ಎಡಗಡೆಯ ಪರದೆ

ಪಾಲಾಕ್ಷಪ್ಪನ ಮನೆಯ ಪಡಸಾಲೆಗೆ ಮೊದಲು ಬಂದದ್ದು ಅಳಿಯ, ಆಮೇಲೆ ಅಳಿಯನ ಮೇಜು, ಆಮೇಲೆ ಮೇಜಿನ ಮೇಲೆ ಒಂದರ ಪಕ್ಕ ಒಂದು ಎರಡು ದೊಡ್ಡ ಪರದೆ. ಅಳಿಯನನ್ನು ಒಪ್ಪಿಕೊಳ್ಳಲು ಪಾಲಾಕ್ಷಪ್ಪನಿಗೆ ಒಂದು ಮಳೆಗಾಲ ಹಿಡಿಯಿತು. ಪರದೆಗಳನ್ನು ಒಪ್ಪಿಕೊಳ್ಳುವುದು ಇನ್ನೂ ಬಾಕಿ ಇತ್ತು.

ಕೊಟ್ಟೂರಿನಲ್ಲಿ ಗಂಡಸು ಹಗಲುಹೊತ್ತು ಮನೆಯಲ್ಲಿ ಕಂಡರೆ ಜನ ಕೇಳುವುದು ಎರಡೇ: ಮೈಗೆ ಹುಷಾರಿಲ್ಲವೋ, ಕೆಲಸವಿಲ್ಲವೋ? ದುರುಗೇಶನದು ಎರಡೂ ಅಲ್ಲ. ಅವನು ಮದುವೆ ಆಲ್ಬಮ್ಮುಗಳನ್ನು ಡಿಸೈನ್ ಮಾಡುವವನು. ಹಡಗಲಿ, ಹರಪನಹಳ್ಳಿ, ಹಗರಿಬೊಮ್ಮನಹಳ್ಳಿಯ ಸ್ಟುಡಿಯೋದವರು ತಾವು ತೆಗೆದ ಫೋಟೋಗಳನ್ನೆಲ್ಲ ಹಾರ್ಡ್ ಡಿಸ್ಕಿಗೆ ತುಂಬಿ, ಬಸ್ಸಿನವರ ಕೈಲಿ ಕೊಟ್ಟು ಕಳಿಸುತ್ತಿದ್ದರು. ಇವನು ಕೂತಲ್ಲೇ ಆರಿಸಿ, ಕತ್ತರಿಸಿ, ಬಣ್ಣ ತಿದ್ದಿ, ಪುಟ ಕಟ್ಟಿ ಕೊಡುತ್ತಿದ್ದ. ಹೆಂಡತಿ ಭೂಮಿಕಾ ಆಸ್ಪತ್ರೆಯಲ್ಲಿ ನರ್ಸು. ಬೆಳಿಗ್ಗೆ ಅವಳು ಸ್ಕೂಟಿ ಹತ್ತಿ ಹೋಗುವುದು, ಗಂಡ ಬಾಗಿಲ ತನಕ ಬಂದು ಡಬ್ಬಿ ಕೊಡುವುದು, ಓಣಿಯವರು ಅದನ್ನು ನೋಡುವುದು ದಿನದ ಮಾತಾಗಿತ್ತು.

“ನಮ್ಮ ಅಳಿಯ ಮನ್ಯಾಗ ಕುಂತು ದಿನಾ ಒಂದು ಮದುವಿ ಮಾಡ್ತಾನ,” ಎಂದು ಪಾಲಾಕ್ಷಪ್ಪ ಕಟ್ಟೆಯ ಮೇಲೆ ಕೂತವರಿಗೆ ಹೇಳುತ್ತಿದ್ದ. ಬೇರೆಯವರು ನಗುವ ಮೊದಲೇ ತಾನು ನಕ್ಕುಬಿಟ್ಟು, ಕುರಿಹಟ್ಟಿಯ ಕಡೆ ಎದ್ದು ಹೋಗುತ್ತಿದ್ದ.

ದುರುಗೇಶ ಮೊದಲು ಅಗ್ಗದ ಕನೆಕ್ಟರ್ ಒಂದನ್ನು ತಂದಿದ್ದ. ಅದಕ್ಕೆ ಎರಡು ಪರದೆ ಸಿಕ್ಕಿಸಿದರೆ ಎರಡರಲ್ಲೂ ಒಂದೇ ಚಿತ್ರ ಬರುತ್ತಿತ್ತು. ಅತ್ತೆ ಮರುಳಸಿದ್ದಮ್ಮ ಮೊರದಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದವಳು ತಲೆಯೆತ್ತಿ ನೋಡಿದಳು.

“ಎರಡರಾಗೂ ಅದ ಹುಡುಗಿ ಅದಾಳಲ್ರಿ. ಒಂದರಾಗ ನೋಡಿದ್ರ ಸಾಲ್ದೇನು?”

“ಅದ ನೋಡ್ರಿ ತೊಂದ್ರಿ. ಎಡಕ್ಕ ಎಲ್ಲಾ ಫೋಟೋ ಕಾಣಬೇಕು, ಬಲಕ್ಕ ನಾನು ಮಾಡೋ ಆಲ್ಬಮ್ ಕಾಣಬೇಕು. ಇದು ಒಂದ ಚಿತ್ರ ಎರಡು ಕಡಿ ತೋರಸ್ತೈತಿ.”

ಆಮೇಲೆ ಡಾಕಿಂಗ್ ಸ್ಟೇಷನ್ ಬಂತು, ದುರುಗೇಶನ ಬಾಯಲ್ಲಿ ಬರೀ ‘ಡಾಕು’. ಊಟದ ಡಬ್ಬಿಯಷ್ಟಿನ ಕರಿಯ ಪೆಟ್ಟಿಗೆ, ಅದಕ್ಕೆ ತನ್ನದೇ ಕರೆಂಟಿನ ವೈರು. ಎರಡೂ ಪರದೆ, ಮೌಸು, ಹಾರ್ಡ್ ಡಿಸ್ಕು ಎಲ್ಲ ಅದರ ಬೆನ್ನಿಗೆ. ಅಲ್ಲಿಂದ ಲ್ಯಾಪ್‌ಟಾಪಿಗೆ ಒಂದೇ ಒಂದು ವೈರು. ಸಿಕ್ಕಿಸಿದ ಕೂಡಲೇ ಎಡಗಡೆ ಫೋಟೋಗಳ ರಾಶಿ, ಬಲಗಡೆ ಖಾಲಿ ಪುಟ ತೆರೆದುಕೊಂಡವು. ದುರುಗೇಶನ ಮುಖ ನೋಡಬೇಕಿತ್ತು.

“ಸ್ಟೇಷನ್ ಅಂತೀರಿ, ರೈಲು ಎಲ್ಲೈತಿ ಅಳಿಯಾರ?” ಎಂದ ಪಾಲಾಕ್ಷಪ್ಪ.

ಅಂದಿನಿಂದ ಮರುಳಸಿದ್ದಮ್ಮನಿಗೆ ಒಂದು ಚಟ ಹತ್ತಿತು. ಅಡುಗೆ ಮುಗಿಸಿ ಶೇಂಗಾದ ಮೊರವನ್ನೋ ಬೆಳ್ಳುಳ್ಳಿಯ ಬುಟ್ಟಿಯನ್ನೋ ಹಿಡಿದು ಮೇಜಿನ ಪಕ್ಕ ಕೂತಳೆಂದರೆ ಕೈ ಕೆಲಸ ಮಾಡುತ್ತಿತ್ತು, ಕಣ್ಣು ಮದುವೆಯಲ್ಲಿ ಓಡಾಡುತ್ತಿತ್ತು.

“ಈಕಿ ಹುಡುಗನ ಅತ್ತಿ ಇರಬೇಕು. ಮಾರಿ ನೋಡ್ರಿ, ಯಾರೋ ಸರಿಯಾಗಿ ಮಾತಾಡ್ಸಿಲ್ಲ.”

“ನಿಮಗ ಹೆಂಗ ಗೊತ್ತಾತ್ರಿ ಅತ್ತಿ?”

“ಗೊತ್ತಾಗ್ತೈತಿ. ಆ ಅಜ್ಜಿನ್ನ ಮೂಲಿಗಿ ಹಾಕಬ್ಯಾಡ್ರಿ. ಮದುವಿ ಆಗೂತನಕ ಜೀವ ಹಿಡದಾಳ ಆ ಮುದುಕಿ. ದೊಡ್ಡದು ಮಾಡ್ರಿ.”

ದುರುಗೇಶ ದೊಡ್ಡದು ಮಾಡುತ್ತಿದ್ದ. ಆಲ್ಬಮ್ ನೋಡಿದವರು ಅಜ್ಜಿಯ ಪುಟಕ್ಕೆ ಬಂದು ಕಣ್ಣೊರೆಸಿಕೊಂಡರಂತೆ ಎಂದು ಸ್ಟುಡಿಯೋದವರು ಫೋನು ಮಾಡುತ್ತಿದ್ದರು.

ಹೀಗೆ ಊರಿನವರ ಮದುವೆಯನ್ನೆಲ್ಲ ಮನೆಯಲ್ಲೇ ಕೂತು ನೋಡುವ ಹೆಂಗಸಿಗೆ ತನ್ನ ತವರಿನ ಬಾಗಿಲು ಮುಚ್ಚಿತ್ತು. ತವರು ಹಂಪಸಾಗರ. ತಮ್ಮ ಕನಕರಾಜನಿಗೆ ಒಬ್ಬನೇ ಮಗ, ಶ್ರೀನಾಥ. ಭೂಮಿಕಾ ತೊಟ್ಟಿಲಲ್ಲಿದ್ದಾಗಲೇ ಈಕೆ ಶ್ರೀನಾಥನಿಗೆ ಎಂದು ಅಕ್ಕ ತಮ್ಮ ಮಾತಾಡಿಕೊಂಡಿದ್ದರು. ದೊಡ್ಡವಳಾದ ಭೂಮಿಕಾ ದುರುಗೇಶನನ್ನೇ ಮದುವೆಯಾಗುತ್ತೇನೆ ಎಂದಳು. ಕನಕರಾಜ ಬಂದ, ಇದೇ ಪಡಸಾಲೆಯಲ್ಲಿ ನಿಂತ, ಅಕ್ಕ ತಂದುಕೊಟ್ಟ ನೀರಿನ ತಂಬಿಗೆಯನ್ನು ನೆಲದ ಮೇಲಿಟ್ಟ. “ಇನ್ನ ಈ ಮನಿ ನೀರು ನಾ ಮುಟ್ಟಂಗಿಲ್ಲಕ್ಕ,” ಎಂದು ಹೊರಟುಹೋದ. ಆಮೇಲೆ ಇತ್ತ ಕಡೆ ಸುಳಿದಿಲ್ಲ. ಮರುಳಸಿದ್ದಮ್ಮ ಈ ವಿಷಯಕ್ಕೆ ಮಗಳಿಗಾಗಲಿ ಅಳಿಯನಿಗಾಗಲಿ ಒಂದು ಕೊಂಕು ಮಾತು ಆಡಿದವಳಲ್ಲ. ಅದೇ ದುರುಗೇಶನಿಗೆ ಹೆಚ್ಚು ಕಷ್ಟವಾಗುತ್ತಿತ್ತು.

ಬೇಸಿಗೆ ಜೋರಾದ ಹೊತ್ತಿಗೆ ಹಗರಿಬೊಮ್ಮನಹಳ್ಳಿಯ ಸ್ಟುಡಿಯೋದ ಗವಿಸಿದ್ದೇಶ್ ಒಂದು ಹಾರ್ಡ್ ಡಿಸ್ಕ್ ಕಳಿಸಿದ. ಭೂಮಿಕಾಳಿಗೆ ಅಂದು ರಜೆ. ಗಂಡನಿಗೆ ಚಹಾ ತಂದವಳು ಎಡಗಡೆಯ ಪರದೆ ನೋಡಿ ಲೋಟವನ್ನು ಕೈಯಲ್ಲೇ ಹಿಡಿದು ನಿಂತಳು.

“ರೀ, ಇಂವ ನಮ್ಮ ಶ್ರೀನಾಥ.”

“ಯಾವ ಶ್ರೀನಾಥ?”

“ಎಷ್ಟು ಮಂದಿ ಶ್ರೀನಾಥರದಾರ? ಕನಕರಾಜ ಮಾವನ ಮಗ. ಮದುವಿ ಆಗೈತಿ, ನಮಗ ಕಾರ್ಡೂ ಕೊಟ್ಟಿಲ್ಲ.”

ಹಿತ್ತಿಲಲ್ಲಿ ಮರುಳಸಿದ್ದಮ್ಮ ಪಾತ್ರೆ ತಿಕ್ಕುವ ಸದ್ದು ಕೇಳುತ್ತಿತ್ತು. ದುರುಗೇಶ ಗಡಿಬಿಡಿಯಲ್ಲಿ ಎರಡೂ ಪರದೆ ಆರಿಸಿದ.

“ಡಿಸ್ಕು ವಾಪಸ್ ಕಳಿಸಿಬಿಡ್ಲೇನು?”

“ಕಳಿಸಿದ್ರ ಗವಿಸಿದ್ದೇಶಣ್ಣ ಯಾಕ ಅಂತ ಕೇಳ್ತಾನ. ಅವ್ವಗ ಕಾಣದಂಗ ಮುಗಿಸಿಬಿಡ್ರಿ. ಆಕಿ ಈ ಮದುವಿ ನೋಡಿದ್ರ ತಡಕಳಂಗಿಲ್ಲ.”

ಹಾಗಾಗಿ ದುರುಗೇಶ ಲ್ಯಾಪ್‌ಟಾಪನ್ನು ಗೋಡೆಯ ಕಡೆ ತಿರುಗಿಸಿಕೊಂಡು, ಅದರ ಸಣ್ಣ ಪರದೆಯಲ್ಲಿ ಕಣ್ಣು ಕಿರಿದು ಮಾಡಿ ಕೆಲಸಕ್ಕೆ ಕೂತ. ಮರುಳಸಿದ್ದಮ್ಮ ಬುಟ್ಟಿ ಹಿಡಿದು ಬಂದು ನೋಡಿದರೆ ಮದುವೆಯೇ ಇಲ್ಲ.

“ಯಾಕ್ರಿ, ಎರಡೂ ಕಣ್ಣು ಮುಚ್ಚ್ಯಾವು?”

“ಈ ಡಬ್ಬಿ ಭಾಳ ಬಿಸಿ ಆಗೈತ್ರಿ ಅತ್ತಿ. ಆರ್ಲಿ ಅಂತ ಬಿಟ್ಟೀನಿ.”

ಅವಳು ಡಾಕಿನ ಮೇಲೆ ಅಂಗೈ ಇಟ್ಟಳು. ಕರೆಂಟು ಹರಿಯುತ್ತಿದ್ದ ಪೆಟ್ಟಿಗೆ, ಬೇಸಿಗೆ ಬೇರೆ, ನಿಜಕ್ಕೂ ಬೆಚ್ಚಗಿತ್ತು.

“ಹೌದಲ್ರಿ! ಜ್ವರ ಬಂದಂಗ ಸುಡ್ತೈತಿ. ಪಾಪ, ಇದಕ್ಕೂ ಬಿಸಲು ತಡಿಯಾಕ ಆಗವಲ್ದು.”

ಆ ಮನೆಯಲ್ಲಿ ತಂಪಾಗಿರಬೇಕಾದ್ದಕ್ಕೆಲ್ಲ ಒಂದೇ ಜಾಗ. ಅಡುಗೆಮನೆಯ ಮೂಲೆಯಲ್ಲಿ ಕುಡಿಯುವ ನೀರಿನ ಮಣ್ಣಿನ ಹರವಿ ಇತ್ತು. ಸುತ್ತ ಯಾವಾಗಲೂ ಒದ್ದೆ ಬಟ್ಟೆ. ಹಾಲು, ಮೊಸರು, ಎಲೆ ಅಡಿಕೆಯ ಎಲೆ, ಭೂಮಿಕಾ ತರುವ ಔಷಧಿಯ ಬಾಟಲಿ, ಎಲ್ಲವನ್ನೂ ಅದರ ಮಗ್ಗುಲಿಗೆ ಒರಗಿಸಿ ಅದೇ ಬಟ್ಟೆ ಹೊದಿಸುವುದು. ಫ್ರಿಜ್ ಬಂದ ಮೇಲೂ ಮರುಳಸಿದ್ದಮ್ಮ ನಂಬಿದ್ದು ಹರವಿಯನ್ನೇ. ಮರುದಿನ ಮಧ್ಯಾಹ್ನ ದುರುಗೇಶ ಬಸ್‌ ಸ್ಟ್ಯಾಂಡಿಗೆ ಹೋಗಿದ್ದಾಗ ಅವಳು ವೈರುಗಳನ್ನು ಒಂದೊಂದಾಗಿ ಮೆಲ್ಲಗೆ ಬಿಡಿಸಿ, ಡಾಕನ್ನು ಎತ್ತಿಕೊಂಡು ಹೋಗಿ, ಹರವಿಗೆ ಒರಗಿಸಿ, ಬಟ್ಟೆಗೆ ಇನ್ನೊಂದು ಚೊಂಬು ನೀರು ಚಿಮುಕಿಸಿ ಹೊದಿಸಿದಳು.

“ಅತ್ತಿ, ಡಬ್ಬಿ ಎಲ್ಲೈತ್ರಿ?”

“ತಂಪಿನಾಗ ಮಲಗಸೀನ್ರಿ. ಈಗ ಕೈ ಇಟ್ಟು ನೋಡ್ರಿ, ಹೆಂಗ ಆರೈತಿ.”

ದುರುಗೇಶ ಎತ್ತಿ ಹಿಡಿದಾಗ ತೂತುಗಳಿಂದ ನೀರು ತೊಟ್ಟಿಕ್ಕಿತು. ಒರೆಸಿದ, ಬಿಸಿಲಿಗಿಟ್ಟ, ಸಂಜೆ ವೈರು ಸಿಕ್ಕಿಸಿದ. ದೀಪ ಹತ್ತಲಿಲ್ಲ.

ಊಟಕ್ಕೆ ಕೂತಾಗ ಜಗಳ ಹತ್ತಿತು. ರೊಟ್ಟಿ, ಪುಂಡಿಪಲ್ಯ, ಶೇಂಗಾಚಟ್ನಿ ಎಲ್ಲ ಇತ್ತು, ಯಾರಿಗೂ ರುಚಿ ಹತ್ತಲಿಲ್ಲ.

“ಕರೆಂಟಿನ ಸಾಮಾನು ನೀರಿನಾಗ ಇಡ್ತಾರೇನ್ಬೇ ಯಾರರ?” ಎಂದಳು ಭೂಮಿಕಾ.

“ನೀರಿನಾಗ ಯಾಕಿಡ್ಲಿ? ಹರವಿ ಮಗ್ಗಲಾಗ ಇಟ್ಟಿದ್ದೆ. ನಿನ್ನ ಜ್ವರದ ಔಷಧಾನೂ ಅಲ್ಲೇ ಇಟ್ಟು ಬೆಳಸೀನಿ.”

“ಔಷಧಾನೂ ಇದೂ ಒಂದ ಏನು?”

“ಸುಡಾಕತ್ತಿತ್ತು, ಆರಸಿದೆ. ಕೆಡಸಾಕ ಮಾಡಿದ್ನೇನು ನಾನು?”

“ಮುಟ್ಟಬಾರ್ದಿತ್ತು ನೀನು,” ಎಂದ ಪಾಲಾಕ್ಷಪ್ಪ, ರೊಟ್ಟಿ ಮುರಿಯುತ್ತ. “ಸ್ಟೇಷನ್ ಮಾಸ್ತರ ಅವರು, ನೀನಲ್ಲ.”

ಮರುಳಸಿದ್ದಮ್ಮನ ಕಣ್ಣಲ್ಲಿ ನೀರು ಬಂತು. ಅದನ್ನು ನೋಡಿದ ದುರುಗೇಶನಿಗೆ ಸುಮ್ಮನಿರಲು ಆಗಲಿಲ್ಲ.

“ಮಾವ, ಅತ್ತಿಗಿ ಏನೂ ಅನಬ್ಯಾಡ್ರಿ. ಡಬ್ಬಿ ಕೆಟ್ಟಿರಲಿಲ್ಲ. ನಾನ ಸುಳ್ಳು ಹೇಳಿದೆ.”

“ಯಾಕ್ರಿ?” ಎಂದಳು ಮರುಳಸಿದ್ದಮ್ಮ.

ಭೂಮಿಕಾ ಗಂಡನಿಗೆ ಕಣ್ಸನ್ನೆ ಮಾಡಿದಳು. ಅವನು ತಟ್ಟೆ ನೋಡುತ್ತಲೇ ಹೇಳಿದ: “ಶ್ರೀನಾಥನ ಮದುವಿ ಫೋಟೋ ಬಂದಾವು. ನಿಮಗ ಕಾಣಬಾರ್ದು ಅಂತ ಪರದೆ ಆರಿಸಿದ್ದೆ.”

ಮರುಳಸಿದ್ದಮ್ಮ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಳಿಸಿದಳು.

“ಶ್ರೀನಾಥನ ಮದುವಿ ಆತೇನು?”

ಭೂಮಿಕಾ ತಲೆಯಾಡಿಸಿದಳು.

“ಯಾವಾಗ?”

“ಹೋದ ತಿಂಗಳ ಬೇ,” ಎಂದಳು ಭೂಮಿಕಾ, ದನಿ ಇಳಿಸಿ.

“ಅಂವ ಹೇಳಲಿಲ್ಲ. ಅದು ಸಿಟ್ಟು, ಬಿಡು. ನೀವೂ ಹೇಳಲಿಲ್ಲಲ್ಲ. ನಮ್ಮ ಮನ್ಯಾಗ ನನ್ನ ತಮ್ಮನ ಮಗನ ಮದುವಿ ಇಟ್ಕೊಂಡು, ನನಗ ಬಾಗಿಲಾ ಹಾಕಿದ್ರಿ.”

ಎದ್ದು ಕೈ ತೊಳೆದುಕೊಂಡು ಒಳಗೆ ಹೋದಳು. ತಪ್ಪು ಮಾಡಿದವರು ಮೂವರೂ ತಲೆ ತಗ್ಗಿಸಿ ರೊಟ್ಟಿ ನೋಡುತ್ತ ಕೂತರು. ಪಾಲಾಕ್ಷಪ್ಪನಂತೂ ಸ್ಟೇಷನ್ ಮಾಸ್ತರನ ಮಾತು ಆಡಬಾರದಿತ್ತು ಎಂದುಕೊಂಡ.

ಆ ವಾರವೆಲ್ಲ ರೊಟ್ಟಿ ಬಡಿಯುವ ಸದ್ದು ಇತ್ತು, ಮಾತು ಇರಲಿಲ್ಲ. ಮರುಳಸಿದ್ದಮ್ಮ ಪಡಸಾಲೆಯಲ್ಲಿ ಕೂರುವುದನ್ನೇ ಬಿಟ್ಟಳು. ಬೆಳ್ಳುಳ್ಳಿ ಬಿಡಿಸಲು ಹಿತ್ತಿಲಿಗೆ ಹೋದಳು. ದುರುಗೇಶನಿಗೆ ಚಹಾ ತಂದಿಟ್ಟರೂ ಮೇಜಿನ ಕಡೆ ನೋಡುತ್ತಿರಲಿಲ್ಲ. ಅವನು ಲ್ಯಾಪ್‌ಟಾಪಿನಲ್ಲೇ ಪುಟ ಕಟ್ಟುತ್ತ, ಒಂದು ಫೋಟೋ ತೆರೆದರೆ ಇನ್ನೊಂದು ಮುಚ್ಚುತ್ತ, ಅರ್ಧ ಆಲ್ಬಮ್ ಮಾಡಿಟ್ಟಿದ್ದ. ಕೆಲಸ ಸಾಗುತ್ತಿತ್ತು, ಪಕ್ಕದಲ್ಲಿ ಆ ದನಿ ಇರಲಿಲ್ಲ. ಅಜ್ಜಿಯರನ್ನು ಎಲ್ಲಿ ಹಾಕಬೇಕೆಂದು ಅವನಿಗೆ ತಿಳಿಯದಾಯಿತು.

ಒಂದು ಬೆಳಿಗ್ಗೆ ಪಾಲಾಕ್ಷಪ್ಪ ಡಾಕನ್ನು ಟವೆಲ್ಲಿನಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡ.

“ಎಲ್ಲಿಗಿ ಮಾವ?”

“ಹೊಸಪೇಟಿಗಿ. ರಿಪೇರಿ ಮಾಡೋರು ಅದಾರಂತ.”

“ನಾನ ಹೋಗ್ತೀನ್ರಿ. ನೀವ್ಯಾಕ ಬಿಸಲಾಗ?”

“ನೀವು ಇಲ್ಲೇ ಇರ್ರಿ. ಮಾತಾಡ್ಲಿಕ್ಕಿಲ್ಲ ಆಕಿ, ಆದ್ರ ಮನ್ಯಾಗ ನಿಮ್ಮ ಮೌಸಿನ ಟಿಕ್ ಟಿಕ್ ಕೇಳದಿದ್ರ ಒಬ್ಬಾಕಿ ಆಗ್ತಾಳ.”

ಸಂಜೆ ಬರಿಗೈಯಲ್ಲಿ ಬಂದ, ಕೆಲ ದಿನ ಬಿಟ್ಟು ಮತ್ತೆ ಹೋದ, ಈ ಸಲ ಡಾಕನ್ನು ಎದೆಗೆ ಅವುಚಿಕೊಂಡು ಬಂದ. ಒಳಗೆ ನೀರು ಕೂತು ಕಿಲುಬು ಹಿಡಿದಿತ್ತಂತೆ, ಬಿಚ್ಚಿ ಒರೆಸಿ ಒಣಗಿಸಿದರಂತೆ. ಕೆಳಗೆ ಗಾಳಿಯಾಡಲಿ ಎಂದು ತಾನೇ ಎರಡು ಕಟ್ಟಿಗೆ ತುಂಡು ಕೂರಿಸಿ, ಡಾಕನ್ನು ಅದರ ಮೇಲಿಟ್ಟ. ದುರುಗೇಶ ವೈರು ಸಿಕ್ಕಿಸಿದ. ದೀಪ ಹತ್ತಿತು. ಎರಡೂ ಪರದೆ ಬೆಳಗಿದವು. ಪಾಲಾಕ್ಷಪ್ಪ “ರೈಲು ಬಂತು!” ಎಂದು ಕೂಗಿದ್ದು ಹಿತ್ತಿಲಿನ ತನಕ ಕೇಳಿತು.

ಮರುಳಸಿದ್ದಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು. ಮೇಜಿನ ಪಕ್ಕ ತನ್ನ ಜಾಗದಲ್ಲಿ ಕೂತಳು.

“ಹಚ್ರಿ. ಆ ಮದುವೀನ ಹಚ್ರಿ. ನೋಡ್ತೀನಿ ನಾನು.”

“ಅವ್ವ, ಬ್ಯಾಡ ಬೇ.”

“ನೀ ಸುಮ್ಕಿರು. ಅಳಬೇಕಂದ್ರ ಅಳ್ತೀನಿ. ಅದಕ್ಯಾಕ ಅಂಜತೀರಿ?”

ದುರುಗೇಶ ಹಚ್ಚಿದ. ಎಡಗಡೆ ಹಂಪಸಾಗರದ ಮನೆ, ಹಂದರ, ಹಸಿ ತೆಂಗಿನ ಗರಿ. ಅವಳು ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆದಳು. “ನಾಗಕ್ಕ ಎಷ್ಟು ಬಡವಾಗ್ಯಾಳ. ಈಕಿ ಈರಕ್ಕ, ನನ್ನ ತಮ್ಮನ ಹೆಂಡ್ತಿ. ಸೀರಿ ಚಲೋ ಐತಿ, ಕುಪ್ಪಸ ಹೊಂದವಲ್ದು. ಕನಕ... ತಲಿ ಎಲ್ಲಾ ಬೆಳ್ಳಗಾಗೈತಲ್ಲೋ ನಿಂದು.” ಪರದೆಯಲ್ಲಿದ್ದ ತಮ್ಮ ಉತ್ತರ ಕೊಡುತ್ತಾನೇನೋ ಎಂಬಂತೆ ಒಂದು ಗಳಿಗೆ ತಡೆದಳು.

ಸುರಗಿಯ ಫೋಟೋ ಬಂತು. ಮದುಮಗನನ್ನು ಮಣೆಯ ಮೇಲೆ ಕೂರಿಸಿ, ನಾಲ್ಕು ಮೂಲೆಗೆ ನಾಲ್ಕು ತಂಬಿಗೆ ಇಟ್ಟು, ನೂಲು ಸುತ್ತಿ ನೀರೆರೆಯುವ ಶಾಸ್ತ್ರ. ಅವರ ಮನೆತನದಲ್ಲಿ ಮದುಮಗನ ಪಕ್ಕದ ಮಣೆ ಸೋದರತ್ತೆಯದು. ಅವಳು ಕೂರದೆ ನೀರು ಬೀಳುವಂತಿಲ್ಲ. ದುರುಗೇಶ ಬಲಗಡೆಯ ಪುಟದಲ್ಲಿ ಆ ಫೋಟೋವನ್ನು ಆಗಲೇ ಇಟ್ಟಿದ್ದ: ನೀರು ಸುರಿಯುವ ಕೈಗಳು, ನಗುವ ಶ್ರೀನಾಥ. ಚೆನ್ನಾಗಿತ್ತು.

ಮರುಳಸಿದ್ದಮ್ಮ ಬಲಗಡೆ ನೋಡಲಿಲ್ಲ. ಎಡಗಡೆಯ ಪರದೆಗೆ ಮುಖ ಹತ್ತಿರ ತಂದಳು.

“ಇದ್ಯಾಕ ಕತ್ತರಿಸೀರಿ ನೀವು?”

ದುರುಗೇಶ ನೋಡಿದ. ಎಡಗಡೆಯದು ಪೂರ್ತಿ ಫೋಟೋ. ಶ್ರೀನಾಥನ ಪಕ್ಕ ಇನ್ನೊಂದು ಮಣೆ ಇತ್ತು. ಯಾರೂ ಕೂತಿರಲಿಲ್ಲ. ಅದರ ಮೇಲೆ ಮಡಿಸಿದ ಹಸಿರು ಸೀರೆ, ತೆಂಗಿನಕಾಯಿ, ಎರಡು ಎಲೆ. ನೂಲನ್ನು ಆ ಮಣೆಯನ್ನೂ ಸೇರಿಸಿ ಸುತ್ತಿದ್ದರು. ಲ್ಯಾಪ್‌ಟಾಪಿನ ಸಣ್ಣ ಪರದೆಯಲ್ಲಿ ಅವನಿಗೆ ಅದು ದಂಡದ ಜಾಗವೆನಿಸಿ ಕತ್ತರಿಸಿ ಹಾಕಿದ್ದ.

“ಖಾಲಿ ಜಾಗ ಅನ್ಕೊಂಡೆ ಅತ್ತಿ.”

“ಖಾಲಿ ಅಲ್ರಿ ಅದು. ನಂದದು.”

ಅವಳು ಅತ್ತಳು. ಸೆರಗು ಮುಚ್ಚಿಕೊಂಡಲ್ಲ, ಎಲ್ಲರೆದುರೇ ಅತ್ತಳು. “ಕರೀಲಿಲ್ಲ ಅಂವ, ಆದ್ರ ಬ್ಯಾರೆ ಯಾರನ್ನೂ ಕುಂದ್ರಸಲಿಲ್ಲ ನೋಡು,” ಎಂದು ಗಂಡನ ಕಡೆ ತಿರುಗಿ ಹೇಳಿದಳು. ಪಾಲಾಕ್ಷಪ್ಪ ಹತ್ತಿರ ಬಂದ. ಡಾಕು ಸುತ್ತಿದ್ದ ಟವೆಲ್ಲನ್ನೇ ಅವಳ ಕೈಗೆ ಕೊಟ್ಟ.

ದುರುಗೇಶ ಯಾರನ್ನೂ ಕೇಳಲಿಲ್ಲ. ಆಲ್ಬಮ್ಮಿನಲ್ಲಿ ಒಂದು ಇಡೀ ಪುಟ ತೆರವು ಮಾಡಿ, ಆ ಮಣೆಯೊಂದನ್ನೇ ದೊಡ್ಡದು ಮಾಡಿ ಇಟ್ಟ. ಬೇರೇನೂ ಇಲ್ಲ. ಗವಿಸಿದ್ದೇಶನಿಗೆ ಕಳಿಸಿದ.

ಕೆಲ ದಿನಗಳಿಗೆ ಫೋನು ಬಂತು.

“ಆಲ್ಬಮ್ ಚಲೋ ಆಗೈತಿ ದುರುಗೇಶಣ್ಣ. ಪಾರ್ಟಿ ಒಂದ ಪುಟ ಬ್ಯಾಡ ಅಂದಾರ. ಆ ಖಾಲಿ ಮಣಿದು. ಅದನ್ನ ತಗದು ಜಾಗ ಹಂಗ ಬಿಡಬೇಕಂತ.”

“ಯಾಕಂತ?”

“ಕಾರಣ ಹೇಳಲಿಲ್ಲ. ಕನಕರಾಜಣ್ಣ ಭಾಳ ಹೊತ್ತು ಆ ಪುಟಾನ ನೋಡಿದ, ಯಾರು ಮಾಡಿದ್ದು ಅಂತ ಕೇಳಿದ, ನಿಮ್ಮ ಹೆಸರು ಹೇಳಿದೆ. ಆಮ್ಯಾಲೆ ತಗೀರಿ ಅಂದ.”

ಮುಚ್ಚಿಡುವುದು ಸಾಕಾಗಿತ್ತು. ದುರುಗೇಶ ನೇರ ಅಡುಗೆಮನೆಗೆ ಹೋಗಿ ಹೇಳಿಬಿಟ್ಟ. ಮರುಳಸಿದ್ದಮ್ಮ ಹೆಂಚಿನ ಮೇಲಿನ ರೊಟ್ಟಿ ಮಗುಚಿದಳು.

“ತಗೀರಿ. ಅವರ ಆಲ್ಬಮ್ ಅದು. ನಾ ನೋಡಿದ್ನಲ್ಲ, ಸಾಕು.”

ಸಾಕಾಗಿರಲಿಲ್ಲ ಎಂಬುದು ಸುಟ್ಟುಹೋದ ರೊಟ್ಟಿಯಿಂದ ಎಲ್ಲರಿಗೂ ತಿಳಿಯಿತು. ಭೂಮಿಕಾ ಆ ರೊಟ್ಟಿಯನ್ನೇ ಎತ್ತಿಕೊಂಡು ತಿಂದಳು.

ಆ ಭಾನುವಾರ ಬೆಳಿಗ್ಗೆ ಬಾಗಿಲ ಮುಂದೆ ಒಂದು ಟಂಟಂ ಆಟೋ ನಿಂತಿತು. ಮೊದಲು ಇಳಿದವನು ಕ್ಯಾಮೆರಾ ಹೆಗಲಿಗೆ ಹಾಕಿಕೊಂಡ ಗವಿಸಿದ್ದೇಶ್. ಆಮೇಲೆ ಈರಕ್ಕ, ಅವಳ ಹಿಂದೆ ಹೊಸ ಸೊಸೆ ಭಾಗ್ಯ, ಶ್ರೀನಾಥ. ಕೊನೆಗೆ ಕನಕರಾಜ. ಅವನ ಕಂಕುಳಲ್ಲಿ ಒಂದು ಮಣೆ.

ಮರುಳಸಿದ್ದಮ್ಮ ಕಸಬರಿಗೆ ಹಿಡಿದುಕೊಂಡೇ ನಿಂತಿದ್ದಳು. ಕನಕರಾಜ ಅಕ್ಕನ ಮುಖ ನೋಡದೆ ಪಡಸಾಲೆಯ ನಡುವೆ ಮಣೆ ಇಟ್ಟ.

“ಖಾಲಿ ಮಣಿ ಆಲ್ಬಮ್‌ನಾಗ ಹಾಕಿ ಕಳಸೀರಲ್ಲ, ನೋಡಿದೋರು ಏನಂತಾರ? ಕನಕರಾಜಗ ಅಕ್ಕ ಇಲ್ಲೇನು ಅಂತಾರ. ಕುಂದ್ರು.”

“ಹಿಂಗ?” ಎಂದಳು ಅವಳು. “ಸೀರಿ ನೋಡು, ಕಸ ಹೊಡಿಯಾಕತ್ತೀನಿ.”

“ಸೀರಿ ಇಲ್ಲೈತಿ ಅಕ್ಕ,” ಎಂದು ಈರಕ್ಕ ಹಸಿರು ಸೀರೆ ಮುಂದೆ ಚಾಚಿದಳು. “ಮದುವಿ ದಿನದಿಂದ ಪೆಟ್ಟಿಗ್ಯಾಗ ಇಟ್ಟಿದ್ದೆ. ಇವ್ರು ದಿನಾ ತಗದು ನೋಡಿ ಮತ್ತ ಇಡೋರು.”

“ಈರೀ, ಬಾಯಿ ಮುಚ್ಚು,” ಎಂದ ಕನಕರಾಜ.

ಮರುಳಸಿದ್ದಮ್ಮ ಉಟ್ಟು ಬಂದು ಕೂತಳು. ಶ್ರೀನಾಥ ಒಂದು ಪಕ್ಕ, ಭಾಗ್ಯ ಇನ್ನೊಂದು ಪಕ್ಕ. ಗವಿಸಿದ್ದೇಶ್ ಕ್ಯಾಮೆರಾ ಎತ್ತಿದಾಗ ಅವಳು ಕೈ ಅಡ್ಡ ಹಿಡಿದಳು.

“ತಡಿಯಪ್ಪ. ಅಳಿಯಾರು ಎಲ್ಲಿ? ಬರ್ರಿ, ಭೂಮಿ ನೀನೂ ಬಾ. ಇಲ್ಲಂದ್ರ ನಾ ಏಳ್ತೀನಿ.”

ದುರುಗೇಶ ಕನಕರಾಜನ ಕಡೆ ನೋಡಿದ. ಕನಕರಾಜ ಗೋಡೆ ನೋಡುತ್ತ, “ಆಕಿ ಹೇಳಿದ್ಲಲ್ಲ, ನಿಂದ್ರಪಾ,” ಎಂದ.

ಫೋಟೋ ತೆಗೆದದ್ದೇ ಎಲ್ಲರೂ ಮೇಜಿನ ಸುತ್ತ ನೆರೆದರು. ಶ್ರೀನಾಥ ತನ್ನ ಮದುವೆಯನ್ನು ಅಷ್ಟು ದೊಡ್ಡದಾಗಿ ನೋಡಿದ್ದು ಅದೇ ಮೊದಲು. “ನನ್ನ ಮಾರಿಗಿ ಇನ್ನೊಂದೀಟು ಬಣ್ಣ ಹಚ್ಚಬಹುದಿತ್ತಲ್ಲ,” ಎಂದ.

“ಹಚ್ಚಿದ ಮ್ಯಾಲಿನ ಮಾರಿ ಇದು,” ಎಂದ ದುರುಗೇಶ. ಭಾಗ್ಯ ಬಾಯಿಗೆ ಸೆರಗು ಹಿಡಿದುಕೊಂಡು ನಕ್ಕಳು. ಭೂಮಿಕಾಳೂ ನಕ್ಕಳು. ಕೊನೆಗೆ ಶ್ರೀನಾಥನೂ ನಕ್ಕುಬಿಟ್ಟ.

ಎಡಗಡೆಯ ಪರದೆಯಲ್ಲಿ ಸುರಗಿಯ ಖಾಲಿ ಮಣೆ ಇತ್ತು. ಬಲಗಡೆಯ ಪುಟದಲ್ಲಿ ಅದೇ ಮಣೆ, ಅದೇ ಸೀರೆ, ಅದರೊಳಗೆ ಮರುಳಸಿದ್ದಮ್ಮ.

“ಎಡಕ್ಕಿನದು ಅಳಸಿಬಿಡ್ರಿ ಇನ್ನ,” ಎಂದ ಕನಕರಾಜ.

“ಬ್ಯಾಡ,” ಎಂದಳು ಅಕ್ಕ. “ಎರಡೂ ಹಾಕ್ರಿ, ಎದರಾ ಬದರಾ. ಇಷ್ಟು ದಿನ ನನ್ನ ಜಾಗ ಕಾದಿದ್ದ ಮಣಿ ಅದು. ಅದ್ಯಾಕ ಹೋಗಬೇಕು?”

ಕನಕರಾಜ ಮೇಜಿನ ಹತ್ತಿರ ಬಂದ. ಎರಡೂ ಪರದೆಯನ್ನು ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ನೋಡಿದ.

“ಅಕ್ಕ, ಬಿಸಲಾಗ ಬಂದೀನಿ. ಒಂದೀಟು ನೀರು ಕೊಡು.”

ಅವಳು ಹೊಸ ಸೀರೆಯ ನೆರಿಗೆ ಎತ್ತಿಕೊಂಡು ಅಡುಗೆಮನೆಗೆ ನಡೆದಳು. ಹರವಿಯ ಒದ್ದೆ ಬಟ್ಟೆ ಸರಿಸಿ, ತಂಬಿಗೆ ತುಂಬಿ ತಂದು, ನೆಲಕ್ಕಿಡದೆ ತಮ್ಮನ ಕೈಗೇ ಕೊಟ್ಟಳು. ಅವನು ನಿಂತಲ್ಲೇ ಎತ್ತಿ ಪೂರ್ತಿ ಕುಡಿದು, ತಂಬಿಗೆ ಮತ್ತೆ ಮುಂದೆ ಚಾಚಿದ.

“ಇನ್ನೊಂದು ಕೊಡು,” ಎಂದ.